ಲಿಂಗಧಾರಣೆಯೂ ಪ್ರಾಣಧಾರಣೆಯೂ

ಅಂಗದ ಮೇಲಣ ಇಷ್ಟಲಿಂಗವು ಜಾರಿ ಬಿದ್ದರೆ ಭಕ್ತನು ಪ್ರಾಣವನ್ನು ಉಳಿಸಿಕೊಳ್ಳಬಾರದೆಂಬ ಕಠಿನವಾದ ಮಾತು ನಮ್ಮ ಆಚಾರಗ್ರಂಥಗಳಲ್ಲಿ ಬಂದಿರುವುದುಂಟು. ಲಿಂಗವೂ ಪ್ರಾಣವೂ ಬೇರೆಯಲ್ಲವೆಂಬ ಭಾವವೇ ಆ ಮಾತಿನ ಜೀವಾಳ. ಭಾವವನ್ನು ಬಿಟ್ಟು ಅಕ್ಷರವನ್ನೇ ಹಿಡಿಯುವವರಿಗೆ ಶರಣರ ಚರಿತ್ರೆಯೇ ಅಡ್ಡವಾಗಿ ನಿಲ್ಲುತ್ತದೆ.

ನುಲಿಯ ಚಂದಯ್ಯನವರು ಹುಲ್ಲು ಕೊಯ್ದು, ಹಗ್ಗ ಹೊಸೆದು ಮಾರಿ, ಬಂದುದರಿಂದ ಜಂಗಮದಾಸೋಹ ನಡೆಸಿದ ಶರಣರು. ಒಂದು ದಿನ ಕೊಯ್ಲಿನ ನಡುವೆ ಅವರ ಲಿಂಗವು ಜಾರಿಬಿದ್ದಿತು. ಅವರು ಪ್ರಾಣವನ್ನು ಬಿಡಲಿಲ್ಲ, ಕಾಯಕವನ್ನೂ ಬಿಡಲಿಲ್ಲ. ಲಿಂಗವೇ ಅವರ ಬೆನ್ನು ಹತ್ತಿ ಬೇಡಿಕೊಂಡಿತೆಂದೂ, ಮಡಿವಾಳ ಮಾಚಯ್ಯನವರು ನಡುವೆ ನಿಂತು ಸಂಧಾನ ಮಾಡಿದರೆಂದೂ ಕಥೆ. ಶೂನ್ಯಸಂಪಾದನೆಯಲ್ಲಿ ಚಂದಯ್ಯನವರ ಸಂಪಾದನೆಗೆ ಪ್ರತ್ಯೇಕ ಸ್ಥಾನವೇ ಇದೆ. ಇದನ್ನು ಕೇಳಿ ನಕ್ಕು ಮರೆಯುವವರು ಹಲವರು. ಅತ್ಯಂತ ಪ್ರಿಯವಾದುದು ಕೈಜಾರಿದ ಗಳಿಗೆಯಲ್ಲಿಯೂ ಶರಣನು ಬದುಕಿಯೇ ಇದ್ದನೆಂಬುದು ಅಲ್ಲಿಯ ಗಹನವಾದ ಅಂಶ.

ಈಗ ಲಿಂಗ ಕಳೆದವನು ಗುರುವಿನ ಬಳಿಗೆ ಹೋಗಿ ಮತ್ತೆ ಪಡೆಯುತ್ತಾನೆ. ಆದರೆ ಸಾಲಗಾರನ ಮಾತಿಗೆ, ಮನೆಯ ಕಲಹಕ್ಕೆ, ಪರೀಕ್ಷೆಯ ಸೋಲಿಗೆ, ಮಾಯದ ರೋಗಕ್ಕೆ ಬದುಕೇ ಮುಗಿಯಿತೆಂದು ಕುಸಿಯುವವರು ಭಕ್ತರ ಮನೆಗಳಲ್ಲಿಯೂ ಇರುವರು. ಸರಕಾರದ ದಾಖಲೆಯಂತೆ 2022ರಲ್ಲಿ ಭಾರತದಲ್ಲಿ 1,70,924 ಮಂದಿ, ಕರ್ನಾಟಕವೊಂದರಲ್ಲಿಯೇ 13,606 ಮಂದಿ ಆತ್ಮಹತ್ಯೆಯಿಂದ ಮಡಿದರು. ಕುಟುಂಬದ ತೊಂದರೆ, ರೋಗ ಇವೇ ಕಾರಣಗಳಲ್ಲಿ ಮುಂದಿದ್ದವು. ಆದರೂ ಒಂದೇ ಕಾರಣಕ್ಕೆ ಯಾರೂ ಅಲ್ಲಿಗೆ ಮುಟ್ಟುವುದಿಲ್ಲ.

ಇಂಥ ಮರಣವನ್ನೂ ಲಿಂಗೈಕ್ಯವೆಂದು ಪತ್ರಿಕೆಯಲ್ಲಿ ಅಚ್ಚು ಹಾಕಿಸಿ ಮುಚ್ಚುವುದುಂಟು. ಮನೆಯವರ ಸಂಕಟವನ್ನು ಬಲ್ಲವರು ಅದನ್ನು ಆಕ್ಷೇಪಿಸಲಾರರು. ತತ್ತ್ವದ ಮಾತು ಬೇರೆ. ಐಕ್ಯವು ಷಟ್‌ಸ್ಥಲಗಳಲ್ಲಿ ಕಡೆಯದು. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣಸ್ಥಲಗಳನ್ನು ಬಾಳಿ ಏರತಕ್ಕುದು. ಮರಣಕ್ಕೆ ಅಂಜಬೇಡಿರೆಂದವರು ಮರಣವನ್ನು ಅರಸಿರೆಂದು ಹೇಳಲಿಲ್ಲ. ಕಾಯವನ್ನೇ ಪ್ರಸಾದವೆಂದು ಕೈಕೊಂಡ ಧರ್ಮವಿದು.

ಹಾಗೆಂದು ಮಡಿದವನನ್ನು ಮಹಾಪಾಪಿಯೆಂದು ಹಳಿಯುವುದು ಯಾವ ನ್ಯಾಯ? 2017ರ ಮಾನಸಿಕ ಆರೋಗ್ಯ ಕಾಯಿದೆಯು, ಪ್ರಾಣ ತೆಗೆದುಕೊಳ್ಳಲು ಯತ್ನಿಸಿದವನು ತೀವ್ರ ಮಾನಸಿಕ ಒತ್ತಡದಲ್ಲಿದ್ದನೆಂದೇ ಭಾವಿಸತಕ್ಕದ್ದೆಂದು ವಿಧಿಸಿತು. ಕಾಯಿದೆಗೆ ಬಂದ ಕರುಣೆ ದಯೆಯೇ ಮೂಲವೆನ್ನುವವರ ಬಾಯಿಗೆ ಇನ್ನೂ ಬಾರದಿದ್ದರೆ ನಾಚಿಕೆಯ ಸಂಗತಿ. ಕಾಯಕ ಮಾಡು, ಎಲ್ಲ ಸರಿಹೋಗುವುದೆಂಬ ಉಪದೇಶವೂ ಕೆಲವೊಮ್ಮೆ ಕ್ರೂರವಾಗುತ್ತದೆ. ಖಿನ್ನತೆಯು ರೋಗ, ಹಾಸಿಗೆಯಿಂದ ಏಳಲಾರದವನಿಗೆ ಬೇಕಾದುದು ವೈದ್ಯ. ಜ್ವರಕ್ಕೆ ಔಷಧಿ ಕುಡಿದರೆ ನಿಷ್ಠೆ ಕೆಡುವುದೆಂದು ಯಾರೂ ಹೇಳರಷ್ಟೆ.

ಚಂದಯ್ಯನವರ ಕಥೆಯಲ್ಲಿ ಮಾಚಯ್ಯನವರ ಪಾತ್ರವನ್ನು ಮರೆಯಬಾರದು. ಮುನಿದವರಿಬ್ಬರ ನಡುವೆ ಮೂರನೆಯವರೊಬ್ಬರು ಬಂದು ನಿಂತರು. ಬದುಕಿನೊಡನೆ ಮುನಿದವನ ಬಳಿಗೂ ಹಾಗೆಯೇ ಒಬ್ಬರು ಬರಬೇಕು. ಮಾತು ಬಿಟ್ಟವನು, ನಿದ್ರೆ ಕೆಟ್ಟವನು, ತಾನು ಎಲ್ಲರಿಗೂ ಭಾರವೆನ್ನುವವನು, ಇದ್ದಕ್ಕಿದ್ದಂತೆ ತನ್ನ ವಸ್ತುಗಳನ್ನು ಹಂಚುವವನು ಕಣ್ಣಿಗೆ ಬಿದ್ದರೆ ಪಕ್ಕದಲ್ಲಿ ಕುಳಿತು, ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಬಹುದು. ಕೇಳಿದರೆ ಇಲ್ಲದ ಯೋಚನೆ ಹುಟ್ಟುವುದೆಂಬ ಭಯ ಸುಳ್ಳೆಂದು ಬಲ್ಲವರು ಹೇಳುತ್ತಾರೆ. ಹೌದೆಂದರೆ ಅವನನ್ನು ಒಂಟಿಯಾಗಿ ಬಿಡಬಾರದು. ಬೆಳೆಗೆ ಹೊಡೆಯುವ ಔಷಧವನ್ನು ಮನೆಯಿಂದ ದೂರ ಸಾಗಿಸಿ ಬೀಗ ಹಾಕಬೇಕು. ಆಸ್ಪತ್ರೆಗೆ ಜೊತೆಯಲ್ಲಿ ಹೋಗಬೇಕು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳು ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು, ಹಣ ಬೇಕಿಲ್ಲ.

ಇನ್ನು ಮಡಿದವನ ಮನೆ. ಹನ್ನೊಂದು ದಿನ ಬಂದ ನೆಂಟರು ಹೊರಟ ಮೇಲೆ ಆ ತಾಯಿಯ ಅಂಗಳಕ್ಕೆ ಕಾಲಿಡಲು ಊರು ಹಿಂಜರಿಯುತ್ತದೆ. ಏನು ಮಾತನಾಡಬೇಕೆಂದು ತೋಚುವುದಿಲ್ಲ. ಮಾತು ಬೇಕೆಂದೇನೂ ಇಲ್ಲ. ಮುಂದಿನ ಸೋಮವಾರ ಮಠದ ದಾಸೋಹಕ್ಕೆ ಅವಳನ್ನೂ ಮಕ್ಕಳನ್ನೂ ಯಾರಾದರೂ ಹೋಗಿ ಕರೆತಂದು ಪಂಕ್ತಿಯ ನಡುವೆ ಕೂಡಿಸಬಹುದು.