ಹೆಸರು ಒಂದೇ, ಚಹಾ ಎರಡು

ಚೀನಾದ ಫುಜಿಯಾನ್ ಪ್ರಾಂತ್ಯದ ಆನ್‌ಶಿ ಸೀಮೆಯಲ್ಲಿ ಒಂದು ಕಥೆ ಹೇಳುತ್ತಾರೆ. 18ನೇ ಶತಮಾನದಲ್ಲಿ ವೇಯ್ ಯಿನ್ ಎಂಬ ರೈತ ದಿನಾ ಬೆಳಗ್ಗೆ ಗ್ವಾನ್‌ಯಿನ್ ದೇವಿಗೆ ಚಹಾ ನೈವೇದ್ಯ ಮಾಡುತ್ತಿದ್ದ. ಒಂದು ರಾತ್ರಿ ಕನಸಿನಲ್ಲಿ ಬಂಡೆಯ ಸಂದಿನಲ್ಲಿ ಬೆಳೆದ ಚಹಾ ಗಿಡ ಕಂಡಿತು. ಎದ್ದು ಹುಡುಕಿಕೊಂಡು ಹೋದರೆ ಗಿಡ ಅಲ್ಲೇ ಇತ್ತು. ಇನ್ನೊಂದು ಕಥೆಯ ಪ್ರಕಾರ ವಾಂಗ್ ಶಿರಾಂಗ್ ಎಂಬ ವಿದ್ವಾಂಸ ಆ ಚಹಾವನ್ನು ರಾಜಧಾನಿಗೆ ಒಯ್ದ, ಹೆಸರಿಟ್ಟವನು ಚಕ್ರವರ್ತಿ. ಕಥೆ ಯಾವುದಾದರೂ ಇರಲಿ, ದೇವಿಯ ಹೆಸರು ಚಹಾಕ್ಕೆ ನಿಂತಿತು: ತಿಯೆಗ್ವಾನ್‌ಯಿನ್. ಊಲಾಂಗ್ ಚಹಾಗಳಲ್ಲಿ ಇದರಷ್ಟು ಹೆಸರಾದದ್ದು ಕಡಿಮೆ.

ಇಂದು ಆ ಹೆಸರಿನಲ್ಲಿ ಎರಡು ಚಹಾ ಮಾರಾಟವಾಗುತ್ತವೆ. ಒಂದರ ಎಲೆ ಕಂದು, ಕಷಾಯ ಜೇನಿನ ಬಣ್ಣ, ಬಾಯಲ್ಲಿ ಹುರಿದ ಧಾನ್ಯದ ಘಮ. ಇನ್ನೊಂದರ ಎಲೆ ಪಚ್ಚೆಹಸಿರು, ಕಷಾಯ ತಿಳಿಹಳದಿ, ಆರ್ಕಿಡ್ ಹೂವಿನ ಕಂಪು. ಚೀನಾದ ರಾಷ್ಟ್ರೀಯ ಮಾನದಂಡ ಎರಡನ್ನೂ ತಿಯೆಗ್ವಾನ್‌ಯಿನ್ ಎಂದೇ ಒಪ್ಪಿದೆ. ಇಷ್ಟು ಬದಲಾದ ಮೇಲೂ ಅದು ಅದೇ ಚಹಾ ಹೌದೇ? ಮೇಲ್ನೋಟಕ್ಕೆ ಇದು ನಾಲಿಗೆಗೆ ಬಿಟ್ಟ ವಿಚಾರ. ಆದರೆ ಬೌದ್ಧ ದಾರ್ಶನಿಕರು ಎರಡು ಸಾವಿರ ವರ್ಷಗಳ ಹಿಂದೆಯೇ ಕೈಗೆತ್ತಿಕೊಂಡ ಪ್ರಶ್ನೆ ಇದರೊಳಗೇ ಇದೆ.

ಮೊದಲು ಕೆಲಸವನ್ನು ನೋಡಬೇಕು. ಹಳೆಯ ಪದ್ಧತಿಯಲ್ಲಿ ಕೊಯ್ದ ಎಲೆಯನ್ನು ಇಳಿಬಿಸಿಲಿನಲ್ಲಿ ಬಾಡಿಸುತ್ತಾರೆ. ಆಮೇಲೆ ಬಿದಿರಿನ ಉರುಳೆಗೆ ತುಂಬಿ ತಿರುಗಿಸುತ್ತಾರೆ, ತಟ್ಟೆಗಳಲ್ಲಿ ಹರವಿ ಬಿಡುತ್ತಾರೆ, ಮತ್ತೆ ತಿರುಗಿಸುತ್ತಾರೆ. ರಾತ್ರಿಯೆಲ್ಲ ಇದೇ ಕೆಲಸ. ಎಲೆಗೆ ಎಲೆ ಉಜ್ಜಿ ಅಂಚು ಜಜ್ಜಿಹೋಗುತ್ತದೆ. ಜಜ್ಜಿದ ಕಡೆ ಗಾಳಿ ತಾಗಿ ಕೆಂಪಾಗುತ್ತದೆ, ನಡುಭಾಗ ಹಸಿರಾಗಿಯೇ ಇರುತ್ತದೆ. ಹಸಿವಾಸನೆ ಹೋಗಿ ಹೂವಿನ ಕಂಪು ಏಳುವ ಗಳಿಗೆಗೆ ಕಾದ ಬಾಣಲೆಗೆ ಹಾಕಿ ಆ ಬದಲಾವಣೆಯನ್ನು ಅಲ್ಲಿಗೇ ನಿಲ್ಲಿಸಬೇಕು. ಆ ಗಳಿಗೆ ಗಡಿಯಾರದಲ್ಲಿ ಇಲ್ಲ. ಮಳೆ, ಗಾಳಿ, ಎಲೆ ಎಷ್ಟು ಬಲಿತಿದೆ ಎಂಬುದರ ಮೇಲೆ ಪ್ರತಿ ರಾತ್ರಿಯೂ ಬೇರೆ. ಎಲೆ ನೋಡಿ ಮಾಡು, ಆಕಾಶ ನೋಡಿ ಮಾಡು ಎಂಬುದು ಅಲ್ಲಿನ ಕಸುಬುದಾರರ ಮಾತು. ಬಳಿಕ ಎಲೆಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಹೊಸೆದು ಗುಂಡಗೆ ಮಾಡುತ್ತಾರೆ. ಕೊನೆಗೆ ಬೂದಿ ಮುಚ್ಚಿದ ಕೆಂಡದ ಮೇಲೆ ಗಂಟೆಗಟ್ಟಲೆ ಕಾವು ಕೊಡುತ್ತಾರೆ.

ಹೊಸ ಶೈಲಿ ಬೇರೂರಿದ್ದು 1990ರ ದಶಕದಲ್ಲಿ, ತೈವಾನಿನ ಎತ್ತರದ ಬೆಟ್ಟಗಳ ತಿಳಿಯಾದ ಊಲಾಂಗ್‌ಗಳ ಪ್ರಭಾವದಿಂದ. ಎಲೆ ಈಗ ಎಸಿ ಕೋಣೆಯಲ್ಲಿ ತಂಪಾಗಿ ಬಾಡುತ್ತದೆ. ಉರುಳೆಯ ಸುತ್ತು ಕಡಿಮೆ. ಅಂಚು ಕೆಂಪಾದರೆ ಬಡಿದು ಉದುರಿಸುತ್ತಾರೆ, ಏಕೆಂದರೆ ಕೊಳ್ಳುವವರಿಗೆ ತಿಳಿ ಕಷಾಯ ಬೇಕು. ಕೆಂಡದ ಕಾವು ಇಲ್ಲ. ಚಹಾ ಏಳೆಂಟು ಗ್ರಾಮಿನ ನಿರ್ವಾತ ಪೊಟ್ಟಣ ಸೇರಿ ಫ್ರಿಜ್‌ಗೆ ಹೋಗುತ್ತದೆ. ಹೊರಗಿಟ್ಟರೆ ಕೆಲವೇ ತಿಂಗಳಲ್ಲಿ ಕಂಪು ಇಳಿದುಬಿಡುತ್ತದೆ. ಕಾವು ಕಂಡ ಹಳೆಯ ಶೈಲಿಯ ಚಹಾವನ್ನಾದರೆ ವರ್ಷಗಟ್ಟಲೆ ಇಡಬಹುದು.

ಹಾಗಾದರೆ ಹಳೆಯದೇ ಅಸಲಿ ಎಂದುಬಿಡಬಹುದೇ? ಇತಿಹಾಸ ಅದಕ್ಕೆ ಅವಕಾಶ ಕೊಡುವುದಿಲ್ಲ. ಸಾಂಗ್ ಕಾಲದ ಚೀನೀಯರು ಬಿಲ್ಲೆ ಮಾಡಿದ ಚಹಾವನ್ನು ಪುಡಿಮಾಡಿ, ಬಿಸಿನೀರಿನಲ್ಲಿ ಕಡೆದು ನೊರೆ ಬರಿಸಿ ಕುಡಿಯುತ್ತಿದ್ದರು. 1391ರಲ್ಲಿ ಮಿಂಗ್ ವಂಶದ ಮೊದಲ ಚಕ್ರವರ್ತಿ ಬಿಲ್ಲೆ ಚಹಾದ ಕಪ್ಪವನ್ನು ನಿಲ್ಲಿಸಿದ ಮೇಲೆ ಬಿಡಿ ಎಲೆಯ ಕಾಲ ಬಂತು. ಅರ್ಧ ಹಸಿರು ಅರ್ಧ ಕೆಂಪು ಎಲೆಯ ಊಲಾಂಗ್ ಚಹಾ ವೂಯಿ ಬೆಟ್ಟಗಳಲ್ಲಿ ರೂಪುಗೊಂಡದ್ದು ಅದಕ್ಕೂ ಬಹಳ ತಡವಾಗಿ, 17ನೇ ಶತಮಾನದ ಹೊತ್ತಿಗೆ. ಆಗಿನ ಹಿರಿಯರ ಕಣ್ಣಿಗೆ ಊಲಾಂಗೇ ಹೊಸತು. ಪರಂಪರೆಯ ಪರವಾಗಿ ವಾದಿಸುವವರು ಇದನ್ನು ಮರೆಯಬಾರದು.

ಚಹಾಕ್ಕೆ ಹೆಸರು ಕೊಟ್ಟ ದೇವತೆಯೂ ಬದಲಾದವಳೇ. ಗ್ವಾನ್‌ಯಿನ್ ಮೂಲದಲ್ಲಿ ಭಾರತದ ಬೋಧಿಸತ್ವ ಅವಲೋಕಿತೇಶ್ವರ, ಇಲ್ಲಿ ಪುರುಷರೂಪಿ. ಚೀನಾದಲ್ಲಿ ಶತಮಾನಗಳು ಉರುಳಿದಂತೆ ಬಿಳಿಯುಡುಗೆಯ ಕರುಣಾಮಯಿ ತಾಯಿಯಾದ. ಅದೇ ಬೋಧಿಸತ್ವನೆಂದು ಅನೇಕ ವಿದ್ವಾಂಸರು ಗುರುತಿಸುವ ಲೋಕೇಶ್ವರನ ಕಂಚಿನ ವಿಗ್ರಹ ಮಂಗಳೂರಿನ ಕದ್ರಿ ಮಂಜುನಾಥ ದೇವಾಲಯದಲ್ಲಿದೆ. ಮೂರು ಮುಖ, ಆರು ತೋಳು, ಪೀಠದಲ್ಲಿ ಆಳುಪ ಅರಸ ಕುಂದವರ್ಮನ ಕ್ರಿ.ಶ. 968ರ ಶಾಸನ. ಇಂದು ಅದು ಶಿವಾಲಯದೊಳಗೆ ಪೂಜೆಗೊಳ್ಳುತ್ತಿದೆ. ಆನ್‌ಶಿಯ ತಾಯಿ ಸುಳ್ಳು, ಕದ್ರಿಯ ಲೋಕೇಶ್ವರನೇ ನಿಜ ಎಂದು ಯಾವ ಭಕ್ತರೂ ಹೇಳಲಾರರು.

ಬದಲಾವಣೆಯನ್ನೆಲ್ಲ ಒಪ್ಪಿಕೊಳ್ಳಬೇಕು ಎಂದೂ ಇದರ ಅರ್ಥವಲ್ಲ. ಪಾಳಿಯ ಮಿಲಿಂದಪನ್ಹದಲ್ಲಿ ಗ್ರೀಕ್ ಅರಸ ಮಿಲಿಂದ ಭಿಕ್ಷು ನಾಗಸೇನನನ್ನು ಕೇಳುತ್ತಾನೆ: ಮರಳಿ ಹುಟ್ಟುವವನು ಅವನೇಯೋ, ಬೇರೆಯವನೋ? ಅವನೂ ಅಲ್ಲ, ಬೇರೆಯವನೂ ಅಲ್ಲ ಎನ್ನುತ್ತಾನೆ ನಾಗಸೇನ. ಹಾಲು ಮೊಸರಾಗಿ, ಮೊಸರು ಬೆಣ್ಣೆಯಾಗಿ, ಬೆಣ್ಣೆ ತುಪ್ಪವಾಗುವುದನ್ನು ಉದಾಹರಿಸುತ್ತಾನೆ. ತುಪ್ಪವನ್ನು ಹಾಲು ಎನ್ನುವಂತಿಲ್ಲ, ಆದರೆ ಹಾಲಿಲ್ಲದೆ ತುಪ್ಪವಿಲ್ಲ. ಬದಲಾಗದೆ ಉಳಿದ ತಿರುಳನ್ನು ಅವನು ಹುಡುಕುವುದೇ ಇಲ್ಲ. ಒಂದರಿಂದ ಇನ್ನೊಂದು ಹುಟ್ಟಿಬರುವ ಸರಪಳಿ ಕಡಿಯದೆ ಇದ್ದರೆ ಅವನಿಗೆ ಸಾಕು.

ಈ ಅಳತೆ ಚಹಾಕ್ಕೂ ಸಲ್ಲುತ್ತದೆ. ತಿಯೆಗ್ವಾನ್‌ಯಿನ್ ಒಂದು ಗಿಡದ ತಳಿ. ರೆಂಬೆ ನೆಟ್ಟು ಬೆಳೆಸುವುದರಿಂದ ಗಿಡ ತಲೆಮಾರಿನಿಂದ ತಲೆಮಾರಿಗೆ ಅದೇ. ಆದರೆ ಗಿಡ ಒಂದೇ ಎಂದರೆ ಸಾಲದು, ಅದೇ ಎಲೆಯಿಂದ ಕಪ್ಪು ಚಹಾವನ್ನೂ ಮಾಡಬಹುದು. ಸರಪಳಿ ಇರುವುದು ಕೈಯಲ್ಲಿ: ಎಲೆಯನ್ನು ಹದವಾಗಿ ಜಜ್ಜಿ, ಮೂಸಿ, ಗಳಿಗೆ ತಿಳಿಯುವ ವಿದ್ಯೆಯಲ್ಲಿ. ಹಸಿರು ತಿಯೆಗ್ವಾನ್‌ಯಿನ್ ಆ ವಿದ್ಯೆಯಿಂದಲೇ ಹುಟ್ಟಿದ್ದು, ಅದನ್ನು ನಕಲಿ ಎನ್ನುವುದು ಅನ್ಯಾಯ. ಅದರ ಒಳ್ಳೆಯ ಮಾದರಿಗಳು ನಿಜಕ್ಕೂ ಸೊಗಸು. ಆದರೆ ಕೆಂಪು ಅಂಚನ್ನೇ ದೋಷವೆಂದು ಬಡಿದು ಉದುರಿಸುವಲ್ಲಿ, ಕೆಂಡದ ಕೆಲಸವನ್ನು ಹೊಸಬರಿಗೆ ಕಲಿಸದೆ ಬಿಡುವಲ್ಲಿ ಸರಪಳಿ ಸಡಿಲವಾಗುತ್ತದೆ. ರುಚಿ ಬದಲಾದರೆ ಮುಂದೊಂದು ದಿನ ಮರಳಬಹುದು. ಕೈ ಮರೆತದ್ದು ಪುಸ್ತಕ ಓದಿ ಮರಳುವುದಿಲ್ಲ.

ಹಳೆಯ ಕೈಗೆಲಸ ಗಟ್ಟಿಯಾಗಿ ಉಳಿದ ಒಂದು ಜಾಗ ಆನ್‌ಶಿಯ ಹೊರಗಿದೆ ಎಂಬುದು ಗಮನಿಸಬೇಕಾದ ಸಂಗತಿ. ತೈಪೆಯ ಅಂಚಿನ ಮುಝಾ ಬೆಟ್ಟಗಳಿಗೆ ಆನ್‌ಶಿಯಿಂದ ಗಿಡ ಹೋಯಿತು, ವಿದ್ಯೆಯೂ ಹೋಯಿತು. ಅಲ್ಲಿ ಕಡುಕಾವಿನ ತಿಯೆಗ್ವಾನ್‌ಯಿನ್ ಇಂದಿಗೂ ಸಿಗುತ್ತದೆ. 2022ರಲ್ಲಿ ಯುನೆಸ್ಕೊ ಚೀನಾದ ಸಾಂಪ್ರದಾಯಿಕ ಚಹಾ ತಯಾರಿಕೆಯನ್ನು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದಾಗ ತಿಯೆಗ್ವಾನ್‌ಯಿನ್ ಮಾಡುವ ಕಸುಬೂ ಅದರೊಳಗಿತ್ತು. ಪಟ್ಟಿಯಿಂದ ಗೌರವ ಸಿಗುತ್ತದೆ, ಕೆಂಡದ ಮುಂದೆ ರಾತ್ರಿ ಕೂರುವವನ ಕೂಲಿ ಮಾತ್ರ ಕೊಳ್ಳುವವರಿಂದಲೇ ಬರಬೇಕು. ಊಲಾಂಗ್ ಕೊಳ್ಳುವ ಓದುಗರು ಹಸಿರಿನ ಜೊತೆಗೆ ಕಾವು ಕಂಡದ್ದನ್ನೂ ಒಮ್ಮೆ ಕೇಳಿ ಪಡೆಯಲಿ. ಕುಡಿದಾದ ಮೇಲೆ ನೆನೆದ ಎಲೆಯನ್ನು ಬಿಡಿಸಿ, ಅಂಚು ಕೆಂಪಾಗಿದೆಯೇ ಎಂದು ನೋಡಲಿ.