ದೂರದ ಬೆಟ್ಟ

‘ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ’ ಎಂಬ ಗಾದೆಯನ್ನು ನಾವು ಪಟ್ಟಣದ ನೌಕರಿಯನ್ನೋ ನೆರೆಮನೆಯ ಐಶ್ವರ್ಯವನ್ನೋ ಕಂಡು ಬೆರಗಾದವರನ್ನು ಎಚ್ಚರಿಸುವುದಕ್ಕೆಂದು ಸಾಮಾನ್ಯವಾಗಿ ಬಳಸುತ್ತೇವೆ. ದೊಡ್ಡಬಳ್ಳಾಪುರದ ಬಯಲಿನಿಂದ ನೋಡುವವನಿಗೆ ನಂದಿಯ ಬೆಟ್ಟವು ಮಲಗಿದ ಎತ್ತಿನ ಬೆನ್ನಿನಂತೆ, ಕೈಯಾಡಿಸಿದರೆ ಜಾರುವಷ್ಟು ನಯವಾಗಿ ತೋರುತ್ತದೆ; ಅದನ್ನೇ ಮೆಟ್ಟಿಲ ದಾರಿಯಿಂದ ಹತ್ತಿದವನ ಅಂಗಾಲು ಬೇರೆ ಕಥೆಯನ್ನು ಹೇಳುತ್ತದೆ. ಗಾದೆಯ ಮೊದಲ ಅರ್ಥವು ಇಷ್ಟೆ. ಅದಕ್ಕೆ ವ್ಯಾಖ್ಯಾನವೇ ಬೇಕಿಲ್ಲ. ಆದರೆ ಇದೇ ಭಾವದ ಸಂಸ್ಕೃತ ಸುಭಾಷಿತವೊಂದು, ದೂರದಿಂದ ರಮ್ಯವಾದವುಗಳನ್ನು ಎಣಿಸುವಾಗ, ಬೆಟ್ಟದ ಸಾಲಿನಲ್ಲಿಯೇ ಯುದ್ಧದ ವಾರ್ತೆಯನ್ನೂ ಕೂರಿಸಿದೆ. ಎರಡಕ್ಕೂ ಒಂದು ಭೇದವುಂಟು. ಬೆಟ್ಟವನ್ನು ನುಣ್ಣಗೆ ಮಾಡುವುದಕ್ಕೆ ನಡುವಣ ಮಂಜೂ ನಮ್ಮ ಕಣ್ಣಿನ ದೌರ್ಬಲ್ಯವೂ ಸಾಕು. ಯುದ್ಧವನ್ನು ನುಣ್ಣಗೆ ಮಾಡುವುದಕ್ಕೆ ಮನುಷ್ಯರ ಕೈಗಳೇ ಬೇಕು. ಆ ಕೈಗಳು ಯಾರವೆಂಬುದನ್ನು ಗಾದೆಯೂ ಹೇಳುವುದಿಲ್ಲ, ಸುಭಾಷಿತವೂ ಹೇಳುವುದಿಲ್ಲ.

ಮೊದಲನೆಯ ಮಹಾಯುದ್ಧದಲ್ಲಿ, 1914ರ ಸೆಪ್ಟೆಂಬರಿನ ಕೊನೆಯಿಂದ, ಹಿಂದೂಸ್ಥಾನದ ಸಿಪಾಯಿಗಳು ಮಾರ್ಸೇಲ್ಸ್ ಬಂದರಿನಲ್ಲಿ ಇಳಿದು, ತಾವು ಹೆಸರನ್ನೂ ಕೇಳಿರದ ಫ್ಲಾಂಡರ್ಸಿನ ಕೆಸರಿನ ಕಂದಕಗಳಿಗೆ ನಡೆದರು. ಮರುವರ್ಷದ ಮಾರ್ಚ್ ತಿಂಗಳಿನಲ್ಲಿ ನವ್ ಶಾಪೆಲ್ ಎಂಬ ಹಳ್ಳಿಯ ಬಳಿ ಕೆಲವೇ ದಿನಗಳ ಹೋರಾಟದಲ್ಲಿ ಅವರ ಪೈಕಿ ಸತ್ತವರೂ ಗಾಯಗೊಂಡವರೂ ಸೇರಿ ನಾಲ್ಕು ಸಾವಿರವನ್ನು ಮೀರಿದರು. ಗಾಯಾಳುಗಳಲ್ಲಿ ಅನೇಕರನ್ನು ಕಡಲು ದಾಟಿಸಿ ಇಂಗ್ಲೆಂಡಿನ ಬ್ರೈಟನ್ ಪಟ್ಟಣದ ಅರಮನೆಯಲ್ಲಿ ಮಲಗಿಸಿದರು. ಹಿಂದೂಸ್ಥಾನವನ್ನು ಎಂದೂ ಕಾಣದಿದ್ದ ನಾಲ್ಕನೆಯ ಜಾರ್ಜ್ ದೊರೆಯು, ಅಲ್ಲಿಯ ಗುಮ್ಮಟಗಳ ಕಲ್ಪನೆಯಿಂದಲೇ ಮೋಹಗೊಂಡು ಕಟ್ಟಿಸಿದ ಅರಮನೆಯದು. ಅದೂ ಒಂದು ದೂರದ ಬೆಟ್ಟವೇ ಸರಿ. ಆ ಗುಮ್ಮಟಗಳ ಕೆಳಗೆ, ತೂಗುದೀಪಗಳ ಅಡಿಯಲ್ಲಿ, ಏಳುನೂರಕ್ಕೂ ಹೆಚ್ಚು ಮಂಚಗಳು; ಜಾತಿಮತಗಳಿಗೆ ತಕ್ಕಂತೆ ಒಂಬತ್ತು ಅಡುಗೆಮನೆಗಳು; ಹಿಂದೂಗಳಿಗೊಂದು ನಲ್ಲಿ, ಮುಸಲ್ಮಾನರಿಗೊಂದು ನಲ್ಲಿ. ಉಪಚಾರದಲ್ಲಿ ಕೊರತೆಯಿರಲಿಲ್ಲ. ಈ ಉಪಚಾರದ ಚಿತ್ರಗಳನ್ನು ಅಚ್ಚು ಹಾಕಿಸಿ ಹಂಚುವುದರಲ್ಲಿಯೂ ಸರಕಾರಕ್ಕೆ ಬೇಸರವಿರಲಿಲ್ಲ.

ಮಂಚದ ಮೇಲಿದ್ದವನು ಊರಿಗೆ ಕಾಗದ ಬರೆಯುತ್ತಿದ್ದನು. ಅಕ್ಷರ ಬಾರದವನು ಬಲ್ಲವನಿಂದ ಬರೆಯಿಸುತ್ತಿದ್ದನು. ಆ ಕಾಗದವನ್ನು ಊರಿನಲ್ಲಿ ಓದಬಲ್ಲವನೊಬ್ಬನು ಓದಿದಾಗ ಕೇಳುವವರು ಹತ್ತು ಜನ. ನಡುವೆ, ಈವಲಿನ್ ಹೊವೆಲ್ ಎಂಬ ಅಧಿಕಾರಿಯ ಕೈಕೆಳಗಿನ ಕಛೇರಿಯೊಂದು ಫ್ರಾನ್ಸಿನಲ್ಲಿ ಈ ಓಲೆಗಳನ್ನು ಒಡೆದು ನೋಡುತ್ತಿತ್ತು. ಹೀಗೆ ಬರೆಯುವವನ ನಾಲಿಗೆಗೂ ಕೇಳುವವನ ಕಿವಿಗೂ ನಡುವೆ ಇಷ್ಟು ಜನರು ನಿಂತಿರುವಾಗ, ಯಾವ ಬೆಟ್ಟ ತಾನೆ ಒರಟಾಗಿ ಉಳಿದೀತು? ಇವರೆಲ್ಲರಿಗಿಂತ ಮೊದಲು ಅದರ ಮೇಲೆ ಕೈಯಾಡಿಸುತ್ತಿದ್ದವನು ಗಾಯಾಳುವೇ. ತಂದೆತಾಯಿಗಳಿಗೆ ಬರೆಯುವಾಗ ಆತನು ಕ್ಷೇಮವಾಗಿದ್ದೇನೆ, ಒಳ್ಳೆಯ ಅನ್ನ, ಒಳ್ಳೆಯ ಹಾಸಿಗೆ, ಚಿಂತಿಸಬೇಡಿ ಎಂದು ನಿಲ್ಲಿಸುವನು. ಇದನ್ನು ಸುಳ್ಳೆನ್ನುವುದಕ್ಕೆ ನನಗೆ ಮನಸ್ಸು ಬಾರದು. ಮಗನು ಕಳಿಸಿದ ಬೆಟ್ಟವು ನುಣ್ಣಗಿರುವುದು ತಾಯಿಯ ಕಣ್ಣಿನ ದೋಷದಿಂದಲ್ಲ.

ಗೆಳೆಯನ ಮಾತೇ ಬೇರೆ. ಗೆಳೆಯನು ಊರಿನಲ್ಲಿ ಉಳಿದಿದ್ದಾನೆ; ತಿಂಗಳಿಗೆ 11 ರೂಪಾಯಿಯ ಸಂಬಳವನ್ನೂ ಹೊಸ ಉಡುಪನ್ನೂ ಕಂಡು ನಾಳೆಯೇ ಪಲ್ಟನ್ನಿಗೆ ಸೇರಿಕೊಂಡಾನು. ಅವನಿಗೆ ನಿಜವನ್ನು ತಿಳಿಸದಿರುವುದು ದ್ರೋಹ. ತಿಳಿಸಿದರೆ ಓಲೆಯೇ ತಲಪದು. ಆಗ ಹುಟ್ಟಿದ್ದು ಮೆಣಸಿನ ಭಾಷೆ. ಊರಿನಿಂದ ಬಂದ ಕರಿಮೆಣಸೆಲ್ಲ ತೀರಿಹೋಯಿತೆಂದೂ, ಇನ್ನಷ್ಟು ತರಿಸಲಿರುವರೆಂದೂ, ಅದಿಲ್ಲದಿದ್ದರೆ ಕೆಂಪು ಮೆಣಸು ಬಹಳ ಕಡಿಮೆಯಾದೀತೆಂದೂ ಇಂತಹ ಕಾಗದವೊಂದು ಹೇಳುತ್ತದೆ. ಕರಿಯದು ಹಿಂದೂಸ್ಥಾನದ ಸಿಪಾಯಿ, ಕೆಂಪಿನದು ಬಿಳಿಯ ಸೋಲ್ಜರ್. ಅಡುಗೆಮನೆಯ ಡಬ್ಬಿಯೊಳಗೆ ಒಂದು ಸೇನೆಯ ಲೆಕ್ಕವೇ ಅಡಗಿ ಕುಳಿತಿದೆ! ಪರಿಶೀಲಕರಿಗೆ ಇದು ತಿಳಿಯದೆ ಹೋಗಲಿಲ್ಲ. ಆದರೆ ಮಾತನ್ನು ಮುಚ್ಚಿ ಆಡುವುದನ್ನು ಎಳೆತನದಿಂದಲೇ ಕಲಿತ ಜನರ ಓಲೆಗಳಲ್ಲಿ ಮೆಣಸಿನ ಮಾತೆಲ್ಲವನ್ನೂ ಹೊಡೆದುಹಾಕುವುದು ಯಾರಿಂದ ಸಾಧ್ಯ?

ಗುಪ್ತಭಾಷೆಯನ್ನು ಬಿಟ್ಟು ನೇರವಾಗಿ ಬರೆದವರೂ ಇದ್ದರು. ಅವರ ಉಪಮೆಗಳು ಕಾವ್ಯದಿಂದ ಬಂದವಲ್ಲ, ಹೊಲದಿಂದ ಬಂದವು. ಹಣ್ಣಿನ ಮರವನ್ನು ಏರಿ ಕೊಂಬೆಯನ್ನು ಕುಲುಕಿದಾಗ ಹಣ್ಣುಗಳು ರಾಶಿಯಾಗಿ ಬೀಳುವಂತೆ ಜನರು ಬಿದ್ದರೆಂದು ಒಬ್ಬನು ಬರೆದನು. ಗುಣವಾದ ಗಾಯಾಳುಗಳನ್ನು ತಿರುಗಿ ಕಂದಕಕ್ಕೆ ಅಟ್ಟುತ್ತಿದ್ದುದು ಅವರ ದೊಡ್ಡ ಸಂಕಟ. ಅದನ್ನು ಮತ್ತೊಬ್ಬನು ಒಮ್ಮೆ ಹುರಿದ ಕಾಳನ್ನು ಎರಡನೆಯ ಬಾರಿ ಒಲೆಗೆ ಹಾಕಿದಂತೆ ಎಂದನು. ಹುರಿದ ಕಾಳು ಮೊಳೆಯದೆಂಬುದನ್ನು ಒಕ್ಕಲು ಮಗನಿಗೆ ವಿವರಿಸಬೇಕಾಗಿಲ್ಲ. ಗೆಳೆಯನಿಗೆ ಅಷ್ಟು ಸಾಕು. ಮಡಿದ ಜೊತೆಗಾರರಿಗಾಗಿ ಗೋಳಾಡುವ ವಾಕ್ಯಗಳಿಗಿಂತ ಈ ಕಾಳಿನ ಮಾತು ನನ್ನನ್ನು ಹೆಚ್ಚು ಕಾಲ ಕಾಡಿದೆ.

ನಮ್ಮ ನಾಡಿನ ಊರಬಾಗಿಲುಗಳಲ್ಲಿ ನಿಂತಿರುವ ವೀರಗಲ್ಲುಗಳನ್ನು ನೋಡಿರಿ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಎತ್ತಿಕೊಂಡೊಯ್ಯುವ ಅಪ್ಸರೆಯರು, ಮೇಲೆ ಶಿವಸಾನ್ನಿಧ್ಯ. ಕಾಳಗದಿಂದ ಸ್ವರ್ಗಕ್ಕೆ ಒಂದೇ ಹೆಜ್ಜೆ. ಗಾಯಗೊಂಡು ಬದುಕಿ, ಮಂಚದ ಮೇಲೆ ಮಲಗಿ, ಸತ್ತ ಸಂಗಡಿಗರ ಹೆಸರುಗಳನ್ನು ಹೇಳಿ ಬರೆಯಿಸುವವನಿಗೆ ಆ ಕಲ್ಲಿನಲ್ಲಿ ನಾಲ್ಕನೆಯ ಪಟ್ಟಿಕೆಯಿಲ್ಲ. 1918ರ ಸೆಪ್ಟೆಂಬರ್ 23ರಂದು ಮೈಸೂರು ಲ್ಯಾನ್ಸರ್ ಪಡೆಯವರು ಪಾಲುಗೊಂಡ ಹೈಫಾ ವಿಜಯವನ್ನು ಹೇಳುವಾಗಲೂ ನಮಗೆ ಕುದುರೆಗಳ ಓಟವೇ ಮುಂದು. ಯುದ್ಧವನ್ನು ನುಣ್ಣಗೆ ಮಾಡುವ ಕೈಗಳಲ್ಲಿ ಶಿಲ್ಪಿಯದೂ ಒಂದು, ನಮ್ಮದೂ ಒಂದು.

ಆ ಓಲೆಗಳ ಒರಟುತನವನ್ನು ಉಜ್ಜಿಹಾಕುವುದಕ್ಕಾಗಿ ನೇಮಕಗೊಂಡ ಕಛೇರಿಯೇ ಅದನ್ನು ಉಳಿಸಿತೆಂಬುದು ಮಾತ್ರ ವಿಚಿತ್ರ. ಸಿಪಾಯಿಗಳ ಮನಸ್ಥಿತಿಯನ್ನು ಮೇಲಿನವರಿಗೆ ತಿಳಿಸುವುದಕ್ಕೆಂದು ಪರಿಶೀಲಕರು ಆಯ್ದ ಭಾಗಗಳನ್ನು ಇಂಗ್ಲಿಷಿಗೆ ತಿರುಗಿಸಿ ವರದಿಗಳೊಡನೆ ಕಳಿಸುತ್ತಿದ್ದರು; ಆ ಕಡತಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಮೂಲ ಕಾಗದಗಳು ಬಹುಮಟ್ಟಿಗೆ ಕಳೆದುಹೋಗಿವೆ. ಸಿಪಾಯಿಯು ಗೆಳೆಯನಿಗೆ ಮೆಣಸಿನ ಸಮಾಚಾರವನ್ನು ಯಾವ ಮಾತಿನಲ್ಲಿ ಬರೆಯಿಸಿದನೋ, ಆ ಮಾತು ಆ ಕಡತದಲ್ಲಿಲ್ಲ.