ಎರಡು ಊರಿನ ಒಂದು ಹೆಸರು

ಸಂಪ್ರಬಂಧದ ಮೊದಲ ಹಾಳೆಗಳಲ್ಲಿ ಒಂದು ಘೋಷಣಾ ಪತ್ರ ಇರುತ್ತದೆ. ಇದು ನನ್ನ ಸ್ವಂತ ಅಧ್ಯಯನ, ಬೇರೆ ಯಾವ ಪದವಿಗೂ ಸಲ್ಲಿಸಿದ್ದಲ್ಲ ಎಂದು ವಿದ್ಯಾರ್ಥಿ ಸಹಿ ಹಾಕುತ್ತಾನೆ. ಮುಂದಿನ ಹಾಳೆಯಲ್ಲಿ ಮಾರ್ಗದರ್ಶಕರ ಪ್ರಮಾಣಪತ್ರ. ಅದಕ್ಕೆ ನನ್ನ ಸಹಿ. ಚಿಕ್ಕಬಳ್ಳಾಪುರದಲ್ಲಿ ಇತಿಹಾಸ ಎಂ.ಎ. ಮಕ್ಕಳ ಕರಡು ತಿದ್ದುತ್ತಾ ಬಂದಿದ್ದೇನೆ. ವರ್ಷ ಕಳೆದಂತೆ ಆ ಎರಡು ಸಹಿಗಳ ಭಾರ ನನಗೆ ಹೆಚ್ಚುತ್ತಿದೆ. ಕದ್ದ ಸಾಲುಗಳನ್ನು ಹಿಡಿಯುವುದಕ್ಕೆ ಈಗ ಸಾಫ್ಟ್‌ವೇರ್ ಇದೆ. ಒಬ್ಬ ಮನುಷ್ಯ ಗುಂಡೇಟಿಗೆ ಸತ್ತನೆಂದು ಬರೆದದ್ದು ನಿಜವೇ ಎಂದು ಹೇಳುವ ಸಾಫ್ಟ್‌ವೇರ್ ಇಲ್ಲ. ಅದನ್ನು ಬರೆದವರೂ ಸಹಿ ಹಾಕಿದವರೂ ತಮ್ಮ ಮನಸ್ಸಿನೊಳಗೇ ತೀರ್ಮಾನ ಮಾಡಿಕೊಳ್ಳಬೇಕು.

ಗೌರಿಬಿದನೂರು ಕಡೆಯ ಹುಡುಗನೊಬ್ಬ ವಿದುರಾಶ್ವತ್ಥದ ಬಗ್ಗೆ ಬರೆದ. ಈ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ. 1938ರಲ್ಲಿ ಮೈಸೂರು ಸಂಸ್ಥಾನದಲ್ಲಿ ಕಾಂಗ್ರೆಸ್ ಬಾವುಟ ಹಾರಿಸಲು ತಡೆ ಇತ್ತು. ಏಪ್ರಿಲ್‌ನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಆ ತಡೆಯನ್ನು ಮುರಿದು ಧ್ವಜ ಸತ್ಯಾಗ್ರಹ ನಡೆಯಿತು. ಅದೇ ತಿಂಗಳ 25ರಂದು ಉತ್ತರ ಪಿನಾಕಿನಿಯ ದಡದ ವಿದುರಾಶ್ವತ್ಥದಲ್ಲಿ ನೆರೆದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಗಾಂಧೀಜಿ ಸರ್ದಾರ್ ಪಟೇಲರನ್ನೂ ಆಚಾರ್ಯ ಕೃಪಲಾನಿಯವರನ್ನೂ ಕಳಿಸಿದರು. ದಿವಾನ್ ಮಿರ್ಜಾ ಇಸ್ಮಾಯಿಲರ ಜೊತೆ ಒಪ್ಪಂದವಾಗಿ, ಮೈಸೂರಿನ ಬಾವುಟದ ಜೊತೆಗೆ ಕಾಂಗ್ರೆಸ್ ಬಾವುಟವೂ ಹಾರಬಹುದು ಎಂದಾಯಿತು. ಗೋಲಿಬಾರ್ ಬಗ್ಗೆ ಸರ್ಕಾರ ವಿಚಾರಣಾ ಸಮಿತಿಯನ್ನೂ ನೇಮಿಸಿತು.

ಎಷ್ಟು ಜನ ಸತ್ತರು? ಅಂದಿನ ಸರ್ಕಾರ ಒಪ್ಪಿಕೊಂಡ ಸಂಖ್ಯೆ ಚಿಕ್ಕದು. ಚಳವಳಿಯವರ ಲೆಕ್ಕ, ಊರವರ ನೆನಪು 30 ದಾಟುತ್ತದೆ. ಒಂದು ಪುಸ್ತಕದಲ್ಲಿ 32 ಇದ್ದರೆ ಇನ್ನೊಂದರಲ್ಲಿ 35. ಹುಡುಗನ ಕರಡಿನಲ್ಲೂ ಎರಡನೇ ಅಧ್ಯಾಯದಲ್ಲಿ 32, ಸಮಾರೋಪದಲ್ಲಿ 35 ಇತ್ತು. ಎರಡಕ್ಕೂ ಸುತ್ತು ಹಾಕಿ ವಾಪಸು ಕೊಟ್ಟೆ. ತಿದ್ದಿ ತಂದಾಗ ಎಲ್ಲ ಕಡೆಯೂ 35 ಆಗಿತ್ತು.

“ಯಾಕಪ್ಪಾ 35?”

“ಜಾಸ್ತಿ ಇರೋದನ್ನೇ ಇಟ್ಟೆ ಮೇಡಂ. ಕಮ್ಮಿ ಹಾಕಿದ್ರೆ ಸತ್ತೋರಿಗೆ ಅವಮಾನ ಮಾಡ್ದಂಗಲ್ವಾ?”

ಇದನ್ನು ಹುಡುಗಾಟದ ಮಾತು ಎಂದು ತಳ್ಳಿಹಾಕಲು ಆಗಲಿಲ್ಲ. ಅವನ ಮುತ್ತಾತ ಆ ದಿನ ಆ ಜನರ ನಡುವೆ ಇದ್ದವರು. ಅವನ ಮನೆಯಲ್ಲಿ ಹಿರಿಯರ ಹಬ್ಬದ ದಿನ ಎಡೆ ಇಡುವಾಗ ಅಂದು ಬಿದ್ದವರನ್ನೂ ನೆನೆಯುತ್ತಾರಂತೆ. ಒಂದು ಹೆಸರು ಬಿಟ್ಟುಹೋದರೆ ಒಂದು ಜೀವ ಹಸಿದು ಹೋಗುತ್ತದೆ ಎಂದು ನಂಬಿದ ಮನೆಯ ಹುಡುಗ ಅವನು. ಅವನ ಪ್ರಶ್ನೆ ಹುಟ್ಟಿದ್ದು ಪಿತೃಋಣದಿಂದ. ಅದಕ್ಕೆ ಸಂಶೋಧನಾ ವಿಧಾನದ ಪಠ್ಯದಿಂದ ಉತ್ತರ ತೆಗೆದುಕೊಟ್ಟರೆ ಸಾಲದು, ಅವನ ಶ್ರದ್ಧೆಯ ಒಳಗಿನಿಂದಲೇ ಉತ್ತರ ಹುಡುಕಬೇಕಿತ್ತು.

ಆ ಶ್ರದ್ಧೆಯ ಒಳಗೇ ಉತ್ತರ ಇದೆ ಎಂದು ನನಗೆ ಅನ್ನಿಸಿತು. ನಮ್ಮಲ್ಲಿ ಸತ್ತ ತಿಥಿ ಗೊತ್ತಿಲ್ಲದವರಿಗಾಗಿ ಮಹಾಲಯ ಅಮಾವಾಸ್ಯೆ ಇದೆ. ತರ್ಪಣದಲ್ಲಿ ಬಂಧುಗಳಿಲ್ಲದವರಿಗೂ ನೀರು ಬಿಡುತ್ತೇವೆ. ತಿಥಿ ತಿಳಿಯದು ಎಂದು ಯಾರೂ ಪಂಚಾಂಗ ನೋಡಿ ಒಂದು ತಿಥಿಯನ್ನು ಹೊಸದಾಗಿ ಹುಟ್ಟಿಸುವುದಿಲ್ಲ. ತಿಳಿಯದ್ದನ್ನು ತಿಳಿಯದ್ದಾಗಿಯೇ ಇಟ್ಟುಕೊಂಡು ಅದಕ್ಕೂ ಒಂದು ಎಲೆ ಹಾಕಿದ್ದಾರೆ ನಮ್ಮ ಹಿರಿಯರು. 35 ಎಂದು ಬರೆದು ಅದರಲ್ಲಿ ಮೂವರು ಇರಲೇ ಇಲ್ಲ ಎಂದಾದರೆ, ಉಳಿದ 32 ಮಂದಿಯ ಸಾವನ್ನೂ ಯಾರಾದರೂ ಅನುಮಾನಿಸಬಹುದು. ಅವರ ಎಡೆಯನ್ನು ನಾವೇ ಕೆಡಿಸಿದಂತೆ.

ಚಿಂತಾಮಣಿಯಲ್ಲಿ ಸಂಸ್ಕೃತ ಪಾಠ ಮಾಡುವ ಗೆಳೆಯರೊಬ್ಬರಿಗೆ ಈ ಮಾತು ಹಿಡಿಸಲಿಲ್ಲ. ಜೀವಿಗಳಿಗೆ ಹಿತವಾದದ್ದೇ ಸತ್ಯ ಎಂದು ಮಹಾಭಾರತವೇ ಹೇಳುವಾಗ, ಬಡವರ ತ್ಯಾಗ ಸ್ವಲ್ಪ ದೊಡ್ಡದಾಗಿ ಕಂಡರೆ ಯಾರಿಗೆ ಅಹಿತ ಎಂದು ಕೇಳಿದರು. ಆದರೆ ಅದೇ ಮಹಾಭಾರತದಲ್ಲಿ ಧರ್ಮರಾಯ ದ್ರೋಣರ ಮುಂದೆ ಅರ್ಧ ಸತ್ಯ ಹೇಳಿದ್ದೂ ಒಂದು ಹಿತಕ್ಕಾಗಿಯೇ. ನೆಲ ಮುಟ್ಟದೆ ಓಡುತ್ತಿದ್ದ ಅವನ ರಥ ಆ ಕ್ಷಣ ನೆಲಕ್ಕೆ ಇಳಿಯಿತು. ವ್ಯಾಸರು ಅವನನ್ನು ಅಲ್ಲಿ ಸುಮ್ಮನೆ ಬಿಡಲಿಲ್ಲ. ಇನ್ನು ಅಶ್ವತ್ಥ ನೆಟ್ಟು ಈ ಕ್ಷೇತ್ರಕ್ಕೆ ಹೆಸರು ತಂದನೆಂದು ಜನ ನಂಬಿರುವ ವಿದುರ, ಧೃತರಾಷ್ಟ್ರನಿಗೆ ಹಿತವಾದದ್ದನ್ನು ಅದು ಕಹಿಯಾದರೂ ಹೇಳಿದವನು. ಹಿತ ಮತ್ತು ಸತ್ಯ ಎರಡನ್ನೂ ಕೂಡಿಸಿದವನು ಅವನೇ, ಅದೂ ಒಂದನ್ನು ಮೊಟಕು ಮಾಡದೆ. ಅವನ ಹೆಸರಿನ ಊರಿನ ಬಗ್ಗೆ, ಅದೂ ಒಂದು ಸತ್ಯಾಗ್ರಹದ ಬಗ್ಗೆ, ಉಬ್ಬಿಸಿದ ಅಂಕಿಯನ್ನು ಬೈಂಡ್ ಮಾಡಿಸಿ ಲೈಬ್ರರಿಯಲ್ಲಿಡಲು ನನ್ನ ಕೈ ಬರಲಿಲ್ಲ. ದೇವರು ಸತ್ಯ ಎನ್ನುತ್ತಿದ್ದ ಗಾಂಧೀಜಿ ಮುಂದೆ ಸತ್ಯವೇ ದೇವರು ಎಂದರು. ಹಾಗಿದ್ದಲ್ಲಿ ಸುಳ್ಳು ಅಡಿಟಿಪ್ಪಣಿಯೂ ಪೂಜೆಯಲ್ಲಾದ ಲೋಪವೇ.

ಹಾಗಾದರೆ ಸರ್ಕಾರದ ಸಂಖ್ಯೆ, ಊರವರ ಸಂಖ್ಯೆ ಎರಡನ್ನೂ ಕೊಟ್ಟು, “ಭಿನ್ನಾಭಿಪ್ರಾಯಗಳಿವೆ” ಎಂದು ಬರೆದು ಕೈ ತೊಳೆದುಕೊಳ್ಳಬಹುದೇ? ಹುಡುಗ ಮುಂದಿನ ಸಲ ಹಾಗೇ ಬರೆದು ತಂದ. ನನಗೆ ಅದೂ ಒಪ್ಪಿಗೆಯಾಗಲಿಲ್ಲ, ಇನ್ನೂ ಹೆಚ್ಚು ಕಸಿವಿಸಿಯಾಯಿತು. ಗುಂಡು ಹಾರಿಸಿದ್ದು ಸರ್ಕಾರದ ಪೊಲೀಸರು, ಹೆಣ ಎಣಿಸಿ ಕಡತ ಬರೆದದ್ದೂ ಅದೇ ಸರ್ಕಾರ. ಊರವರಿಗೆ ಕಡತ ಇರಲಿಲ್ಲ; ಗಾಯಗೊಂಡವನನ್ನು ಗಾಡಿಯಲ್ಲಿ ಹಾಕಿಕೊಂಡು ಊರಿಗೆ ಹೋದ ಮೇಲೆ ಅವನು ಅಲ್ಲಿ ಸತ್ತರೆ ಯಾವ ಪುಸ್ತಕಕ್ಕೂ ಸೇರುವುದಿಲ್ಲ. ಈ ಎರಡು ಸಂಖ್ಯೆಗಳನ್ನು ತಕ್ಕಡಿಯ ಎರಡು ತಟ್ಟೆಯಲ್ಲಿಟ್ಟು ಸಮ ಎಂದರೆ ಅದು ನಿಷ್ಪಕ್ಷಪಾತದ ವೇಷ ಹಾಕಿದ ಅನ್ಯಾಯ.

ಇಲ್ಲಿ ನ್ಯಾಯಶಾಸ್ತ್ರದವರು ನಮಗೆ ಬಹಳ ಉಪಕಾರ ಮಾಡಿದ್ದಾರೆ. ಪ್ರತ್ಯಕ್ಷ, ಅನುಮಾನ, ಉಪಮಾನದ ಜೊತೆ ಶಬ್ದವನ್ನೂ ಅವರು ಪ್ರಮಾಣವೆಂದು ಒಪ್ಪುತ್ತಾರೆ. ಇದ್ದದ್ದನ್ನು ಇದ್ದಂತೆ ಕಂಡು, ಕಂಡಂತೆ ಹೇಳಬಯಸುವ ಆಪ್ತನ ಮಾತದು; ಅವನು ಹಳ್ಳಿಯವನಾದರೂ ಸರಿ, ದಿವಾನನಾದರೂ ಸರಿ. ಆದರೆ ಸ್ಮೃತಿಯನ್ನು, ಅಂದರೆ ನೆನಪನ್ನು, ಅವರು ಪ್ರಮೆಯೆಂದು ಒಪ್ಪುವುದಿಲ್ಲ. ನೆನಪು ಹಿಂದಿನ ಅನುಭವದ ಆಸರೆಯಲ್ಲಿ ನಿಂತದ್ದು. ಅದರ ಬೆಲೆ ಆ ಅನುಭವದ ಬೆಲೆಯಷ್ಟೇ. ಮೊಮ್ಮಗ ಹೇಳಿದ ತಾತನ ಮಾತನ್ನು ಎಲ್ಲಿಡಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. ಯಾರು ಕಂಡರು, ಯಾರಿಗೆ ಹೇಳಿದರು, ನಿನ್ನ ತನಕ ಹೇಗೆ ಬಂತು, ಇಷ್ಟನ್ನೂ ಬರೆ ಎಂದೆ.

ಆಮೇಲೆ ಅವನು ಸಂಖ್ಯೆಯನ್ನು ಬದಿಗಿಟ್ಟು ಹೆಸರುಗಳ ಪಟ್ಟಿ ಮಾಡಿದ. ನಾಲ್ಕು ಕಲಂ: ಹೆಸರು, ಊರು, ಹೇಳಿದವರು, ಅವರಿಗೆ ಹೇಗೆ ಗೊತ್ತು. ಕೊನೆಯ ಕಲಂನಲ್ಲಿ ಅವನ ಸಣ್ಣಕ್ಷರ: “ಇವರ ಅಜ್ಜಿ ಹೆಣ ನೋಡಿದ್ದರು”, “ಜಾತ್ರೆಗೆ ಹೋದವರು ವಾಪಸು ಬರಲಿಲ್ಲ, ಅಷ್ಟೇ ಗೊತ್ತು”. ಎರಡನೆಯದನ್ನು ಓದಿ ನಾನು ಸ್ವಲ್ಪ ಹೊತ್ತು ಮುಂದಕ್ಕೆ ಹೋಗಲಿಲ್ಲ.

ತೊಡಕು ಬಂದದ್ದು ಆ ಪಟ್ಟಿಯ ನಡುವೆ. ಒಂದೇ ಹೆಸರು ಎರಡು ಸಲ, ಎರಡು ಬೇರೆ ಊರಿನ ಜೊತೆ. ಒಬ್ಬನೇ ಇರಬಹುದು, ಹುಟ್ಟಿದ್ದು ಒಂದು ಊರು, ಜೀತಕ್ಕಿದ್ದದ್ದು ಇನ್ನೊಂದು ಊರು. ಇಬ್ಬರೂ ಇರಬಹುದು, ಆ ಹೆಸರು ನಮ್ಮ ಕಡೆ ಮನೆಗೊಬ್ಬರಿಗೆ ಇರುತ್ತದೆ. ಸೇರಿಸಿದರೆ, ಸತ್ತವನೊಬ್ಬನನ್ನು ನಾವು ಇನ್ನೊಮ್ಮೆ ಅಳಿಸಿದಂತೆ. ಬಿಡಿಸಿದರೆ, ನಡೆಯದ ಸಾವೊಂದನ್ನು ನಾವೇ ಹುಟ್ಟಿಸಿದಂತೆ. ಡಿಟಿಪಿ ಅಂಗಡಿಯವನು ಫೋನ್ ಮಾಡುತ್ತಿದ್ದ, ರಟ್ಟಿನ ಬೈಂಡಿಂಗ್‌ಗೆ ಎರಡು ದಿನ ಬೇಕು ಎಂದು. ಸಲ್ಲಿಸುವ ಕೊನೆಯ ದಿನ ಯಾವ ತತ್ತ್ವಜಿಜ್ಞಾಸೆಗೂ ಕಾಯುವುದಿಲ್ಲ.

ಶಿಡ್ಲಘಟ್ಟದ ವಿದ್ಯಾರ್ಥಿನಿಯೊಬ್ಬಳದು ಇದರ ಮಗ್ಗುಲಿನ ಕಷ್ಟ. ರೇಷ್ಮೆ ನೂಲು ಬಿಚ್ಚಾಣಿಕೆಯ ಬಗ್ಗೆ ಬರೆದವಳು, ಬಿಸಿನೀರಿನಲ್ಲಿ ಗೂಡಿನ ಎಳೆ ಹುಡುಕುವ ಹೆಂಗಸರ ಬೆರಳ ಸಂದಿಯ ಹುಣ್ಣುಗಳ ಭಾಗವನ್ನು ಕೊನೆಯ ಕರಡಿನಲ್ಲಿ ತೆಗೆದುಬಿಟ್ಟಿದ್ದಳು. ಕೆಲಸ ಹೋಗುತ್ತದೆ, ಬರೀಬೇಡಮ್ಮಾ ಎಂದು ಅವರೇ ಅಂದಿದ್ದರಂತೆ. ಹೆಸರು, ಬೀದಿ, ಘಟಕದ ಗುರುತು ಎಲ್ಲ ಅಳಿಸಿ ಹುಣ್ಣನ್ನು ಉಳಿಸಿದೆವು. ಬದುಕಿರುವವರ ವಿಷಯದಲ್ಲಿ ಹೆಸರು ಮುಚ್ಚುವುದು ಅಹಿಂಸೆ. ವಿದುರಾಶ್ವತ್ಥದಲ್ಲಿ ಬಿದ್ದವರ ವಿಷಯದಲ್ಲಿ ಹೆಸರು ತೆರೆದಿಡುವುದೇ ಅಹಿಂಸೆ ಎಂದು ಇಬ್ಬರನ್ನೂ ಕೂರಿಸಿಕೊಂಡು ಮಾತಾಡಿದಾಗ ಹೊಳೆಯಿತು.

ಹುಡುಗ ಕೊನೆಗೆ ಎರಡೂ ಸಾಲು ಉಳಿಸಿ, ನಡುವೆ ಗೆರೆ ಹಾಕದೆ, ಕೆಳಗೆ ಟಿಪ್ಪಣಿ ಬರೆದ: ಇವರು ಒಬ್ಬರೋ ಇಬ್ಬರೋ ನನಗೆ ತಿಳಿದುಬಂದಿಲ್ಲ, ಹೇಳಿದ ಮನೆಗಳು ಇಂಥ ಊರಿನವು, ಮುಂದೆ ಬರುವವರು ವಿಚಾರಿಸಬೇಕು. ಸಮಾರೋಪದಲ್ಲಿ 35 ಹೋಯಿತು. “ನಾನು ಹೆಸರು ಹಿಡಿದು ಹೇಳಬಲ್ಲವರು ಇಷ್ಟು, ಇದಕ್ಕಿಂತ ಕಮ್ಮಿ ಇರಲಾರರು” ಎಂಬ ಸಾಲು ಬಂತು. ಘೋಷಣಾ ಪತ್ರಕ್ಕೆ ಅವನು ಸಹಿ ಹಾಕಿದ, ಪ್ರಮಾಣಪತ್ರಕ್ಕೆ ನಾನು ಹಾಕಿದೆ. ಮೌಖಿಕ ಪರೀಕ್ಷೆ ಮುಗಿದು ಅಂಕವೂ ಬಂದಿದೆ. ಅವನು ಮಾತ್ರ ಎರಡನೇ ಊರಿನಲ್ಲಿ ಆ ಮನೆತನದ ಮುದುಕಿಯೊಬ್ಬರು ಇದ್ದಾರೆಂದು ಸುಳಿವು ಸಿಕ್ಕಿದೆ, ಬರುವ ಭಾನುವಾರ ಹೋಗುತ್ತೇನೆ ಎಂದು ಫೋನ್ ಮಾಡಿದ್ದ.